ಹಳೆಯ ಆಟದ ಪೆಟ್ಟಿಗೆ: ನಿಧಿಯೋ, ನೆನಪೋ?

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ ಇವನ್ನೆಲ್ಲ ಸಂಗ್ರಹಿಸುವ ಹವ್ಯಾಸ ನಮಗೆ ಪರಿಚಿತವಾದುದೇ. ಅಮೇರಿಕ ಮೊದಲಾದ ದೇಶಗಳಲ್ಲಿ ಇನ್ನೊಂದು ಹವ್ಯಾಸವೂ ಬೆಳೆದಿದೆ. 1980ರ ದಶಕದ ಕಂಪ್ಯೂಟರ್ ಆಟಗಳನ್ನು, ಅಂಗಡಿಯಲ್ಲಿ ಮಾರಾಟವಾದಾಗ ಇದ್ದ ರಟ್ಟಿನ ಪೆಟ್ಟಿಗೆಯ ಸಮೇತ ಕೂಡಿಡುವುದೇ ಆ ಹವ್ಯಾಸ. ಮೊಬೈಲಿನಲ್ಲಿ ಬೇಕಾದಷ್ಟು ಹೊಸ ಆಟಗಳಿರುವಾಗ, ಮಾಸಿದ ರಟ್ಟಿಗೆ ಹಣ ಸುರಿಯುವುದು ಹುಚ್ಚಲ್ಲವೇ ಎಂದು ಹಿರಿಯರು ಕೇಳಬಹುದು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ವಿಷಯವನ್ನು ತಿಳಿದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು.

ಆ ಕಾಲದ ಆಟ ಫ್ಲಾಪಿಯಲ್ಲಿ ಅರ್ಧ, ಪೆಟ್ಟಿಗೆಯಲ್ಲಿ ಅರ್ಧ ಇರುತ್ತಿತ್ತು. ಆಪಲ್ 2 ಕಂಪ್ಯೂಟರಿನ ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 140 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು. ಆದುದರಿಂದ ಕಥೆ, ನಕ್ಷೆ, ಚಿತ್ರ ಇವೆಲ್ಲ ಕಾಗದವನ್ನು ಆಶ್ರಯಿಸಬೇಕಾಯಿತು. ಇನ್ಫೋಕಾಮ್ ಎಂಬ ಸಂಸ್ಥೆಯ 'ಡೆಡ್‌ಲೈನ್' (1982) ಆಟದಲ್ಲಿ ಆಡುವವನೇ ಪತ್ತೇದಾರ. ಪೋಲೀಸರು ಪಡೆದ ಹೇಳಿಕೆಗಳು, ಪ್ರಯೋಗಾಲಯದ ವರದಿ, ಶವದ ಬಳಿ ಸಿಕ್ಕಿದವೆಂದು ಹೇಳುವ ಕೆಲವು ಗುಳಿಗೆಗಳು ಪೆಟ್ಟಿಗೆಯಲ್ಲೇ ದೊರೆಯುತ್ತಿದ್ದವು. 'ಅಲ್ಟಿಮಾ 4' (1985) ಆಟದೊಡನೆ ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆ ಬರುತ್ತಿತ್ತು. ಇನ್ಫೋಕಾಮ್ 1984ರಲ್ಲಿ ಹೊರತಂದ ಒಂದು ವಿನೋದದ ಆಟದಲ್ಲಂತೂ ಬರಿದಾದ ಪ್ಲಾಸ್ಟಿಕ್ ಚೀಲವೊಂದಿತ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಂತರಿಕ್ಷ ನೌಕಾದಳವಿದೆಯಂತೆ! ಪೆಟ್ಟಿಗೆಯನ್ನು ಎಸೆದರೆ ಇಂಥ ಆಟದ ಅರ್ಧವನ್ನೇ ಎಸೆದಂತೆ.

ಇನ್ನು ನೆನಪಿನ ಮಾತು. ಕೈಪಿಡಿಯ ಅಂಚಿನಲ್ಲಿ ಪೆನ್ಸಿಲಿನ ಗುರುತು, ಚೌಕಳಿ ಹಾಳೆಯ ಮೇಲೆ ಹುಡುಗನೊಬ್ಬ ತಾನೇ ಬಿಡಿಸಿಕೊಂಡ ಗುಹೆಯ ದಾರಿ, ಇವು ಹಳೆಯ ಪೆಟ್ಟಿಗೆಗಳಲ್ಲಿ ಸಿಗುವುದುಂಟು. ಐವತ್ತು ದಾಟಿದವನು ಅದನ್ನು ತೆರೆದಾಗ ಅವನಿಗೆ ಸಿಗುವುದು ಬರೀ ಆಟವಲ್ಲ, ತನ್ನ ಹದಿಮೂರನೆಯ ವಯಸ್ಸು.

ಆದರೆ ಈ ಹವ್ಯಾಸಕ್ಕೆ ವ್ಯಾಪಾರವೂ ಅಂಟಿಕೊಂಡಿದೆ. 2021ರ ಜುಲೈಯಲ್ಲಿ, ಒಮ್ಮೆಯೂ ತೆರೆಯದ 'ಸೂಪರ್ ಮಾರಿಯೋ 64' ಎಂಬ ವಿಡಿಯೋ ಆಟದ ಪೆಟ್ಟಿಗೆ ಅಮೇರಿಕದ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಇಂಥ ಪೆಟ್ಟಿಗೆಯನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಡುತ್ತಾರೆ. ತೆರೆದರೆ ಬೆಲೆ ಇಳಿಯುತ್ತದೆ. ಆದುದರಿಂದ ಯಾರೂ ತೆರೆಯುವುದಿಲ್ಲ, ಯಾರೂ ಆಡುವುದಿಲ್ಲ. ಊಟಕ್ಕೆ ಬಡಿಸದೆ ಬೀಗ ಹಾಕಿಟ್ಟ ಅಡುಗೆಯಂತೆ ಇದು ಎಂದು ನಮಗನಿಸುತ್ತದೆ.

1983ರಲ್ಲಿ ಅಟಾರಿ ಸಂಸ್ಥೆ ಮಾರಾಟವಾಗದೆ ಉಳಿದ ಆಟಗಳನ್ನು ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಎಂಬಲ್ಲಿ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅವನ್ನು ಅಗೆದು ತೆಗೆದರು. ಅವುಗಳಲ್ಲೊಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ನಿನ್ನೆಯ ಕಸ ಇಂದಿನ ಚರಿತ್ರೆಯಾಗುವುದು ಹೀಗೆ. ಅಮೇರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರಾಟದಲ್ಲಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಫ್ಲಾಪಿಯ ಕಾಂತಲೇಪವೂ ಕಾಲಕ್ರಮೇಣ ಕೆಡುತ್ತದೆ. ಪೆಟ್ಟಿಗೆಯನ್ನು ತೆರೆದು, ಫ್ಲಾಪಿಯ ಪ್ರತಿ ತೆಗೆದು, ಕೈಪಿಡಿಯನ್ನು ಸ್ಕ್ಯಾನ್ ಮಾಡಿ ಇತರರಿಗೂ ಒದಗಿಸುವ ಸಂಗ್ರಾಹಕರಿಂದಲೇ ಎಷ್ಟೋ ಆಟಗಳು ಬದುಕಿವೆ. ಸಂಗ್ರಹವೆಂದರೆ ಇದು. ಉಳಿದದ್ದು ಬರೀ ದಾಸ್ತಾನು.

ವಿದ್ಯಾರ್ಥಿ ಮಿತ್ರರೇ, ನೀವು ಏನನ್ನೇ ಸಂಗ್ರಹಿಸಿರಿ, ಅದರ ಬೆಲೆಯನ್ನು ಮೊದಲು ಕೇಳಬೇಡಿ. ಅದನ್ನು ಯಾರು ಮಾಡಿದರು, ಏಕೆ ಮಾಡಿದರು, ಹೇಗೆ ಬಳಸಿದರು ಎಂದು ಕೇಳಿರಿ. ತಿಳಿದುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಗೆಳೆಯರಿಗೆ ತೋರಿಸಿರಿ. ಹೆತ್ತವರಲ್ಲಿ ನಮ್ಮದೊಂದು ವಿನಂತಿ: ಮಕ್ಕಳ ಹಳೆಯ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಅವರೆದುರೇ ತೆರೆದು ನೋಡಿರಿ. ಒಳಗೆ ಪೆನ್ಸಿಲಿನಲ್ಲಿ ಬರೆದ ನಕ್ಷೆಯೊಂದು ಇದ್ದೀತು.