ಮೊದಲ ಸಂಬಳಕ್ಕೆ ಮುಂಚೆಯೇ ಬಟ್ಟೆಯ ಸಾಲ

ನೌಕರಿಯ ಆದೇಶಪತ್ರ ಕೈಸೇರುತ್ತಲೇ ಬಟ್ಟೆಗಾಗಿ ಸಾಲ ಮಾಡುವುದು ಈಗ ಬುದ್ಧಿವಂತಿಕೆ ಎನಿಸಿಕೊಂಡಿದೆ. ಅದಕ್ಕೊಂದು ಗಂಭೀರವಾದ ಹೆಸರೂ ದೊರೆತಿದೆ: ‘ವ್ಯಕ್ತಿತ್ವದ ಮೇಲಿನ ಹೂಡಿಕೆ’. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಕಂಪನಿಯೊಂದನ್ನು ಸೇರುವ ಮುನ್ನ ಕೋಟು, ಟೈ, ಎಂಟು ಅಂಗಿಗಳನ್ನು ಕಂತಿನ ಮೇಲೆ ಕೊಂಡನಂತೆ. ಒಕ್ಕಲುತನದ ಮನೆ, ಮೊದಲ ಸಂಬಳದಲ್ಲಿ ಊರಿಗೆ ಕಳುಹಿಸಲು ಏನೂ ಉಳಿಯಲಿಲ್ಲವೆಂದು ಅವನ ತಂದೆ ಹೇಳಿದರು. ಹುಡುಗನನ್ನು ನಾನು ದೂರುವುದಿಲ್ಲ. ‘ನಿನ್ನ ಬಟ್ಟೆ ನೋಡಿ ನಗುತ್ತಾರೆ’ ಎಂಬ ಭಯವನ್ನು ಅವನಿಗೆ ಮಾರಿದವರನ್ನು ದೂರುತ್ತೇನೆ.

ಮೊದಲು ಲೆಕ್ಕ. ಕಡುನೀಲಿ, ಬೂದು, ಕಂದು ಬಣ್ಣದ ಮೂರು ಪ್ಯಾಂಟುಗಳು. ಆ ಮೂರಕ್ಕೂ ಹೊಂದುವ ತಿಳಿಬಣ್ಣದ ಐದು ಅಂಗಿಗಳು. ಒಟ್ಟು 15 ಜೊತೆಗಳಾದವು. ವಾರಕ್ಕೆ ಐದು ದಿನದ ಕೆಲಸವೆಂದರೆ ಮೂರು ವಾರ ಒಂದೇ ಜೊತೆ ಮರಳಿ ಬರುವುದಿಲ್ಲ. ಹೆಣ್ಣುಮಕ್ಕಳಿಗೂ ಇದೇ ಗಣಿತ: ಸೀರೆಗೊಂದು ರವಿಕೆ ಎಂಬ ಹಟವನ್ನು ಬಿಟ್ಟು ಕಪ್ಪು, ಕುಂಕುಮಗೆಂಪು, ಕೆನೆಬಣ್ಣದ ಮೂರು ರವಿಕೆ ಇಟ್ಟುಕೊಂಡರೆ ಹತ್ತು ಸೀರೆ ಸಾಗುತ್ತವೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ರವಿಕೆ ತೊಟ್ಟವಳ ಠೀವಿಯನ್ನು ಯಾವ ಮಾಲ್ ಕೊಟ್ಟೀತು?

ಇನ್ನು ಹೊಲಿಗೆ. ಮನುಷ್ಯನನ್ನು ಒಪ್ಪವಾಗಿ ಕಾಣಿಸುವುದು ಅಂಗಿಯ ಮೇಲಿನ ಹೆಸರಲ್ಲ, ಹೆಗಲ ಮೇಲೆ ಸರಿಯಾಗಿ ಕೂರುವ ಹೊಲಿಗೆ. ಅಗ್ಗದ ಸಿದ್ಧ ಉಡುಪೊಂದನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿ. ಹೊಲಿಗೆಯ ಆಚೆ ಬಟ್ಟೆಯೇ ಇರುವುದಿಲ್ಲ, ಮೈ ತುಸು ತುಂಬಿದರೆ ಬಿಚ್ಚಿ ಸಡಿಲಿಸುವಂತಿಲ್ಲ. ಓಣಿಯ ದರ್ಜಿಗೆ ಹೇಳಿದರೆ ಒಂದಂಗುಲ ಒಳಗೆ ಬಿಟ್ಟು ಹೊಲಿಯುತ್ತಾನೆ. 36 ಅಂಗುಲ ಅಗಲದ ಬಟ್ಟೆಯಾದರೆ ತುಂಬುತೋಳಿನ ಅಂಗಿಗೆ ಸುಮಾರು ಎರಡೂಕಾಲು ಮೀಟರ್ ಬೇಕು. ಹತ್ತಿಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ.

ಕೋಟಿನ ವಿಚಾರಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲೂ ಸಂದರ್ಶನಕ್ಕೆ ಕೋಟು ತೊಟ್ಟು ಬೆವರುವ ಮಕ್ಕಳನ್ನು ಕಂಡರೆ ಕನಿಕರವಾಗುತ್ತದೆ. ಶಿಷ್ಟಾಚಾರಕ್ಕೆ ಹೆಸರಾದ ಜಪಾನಿನಲ್ಲೇ 2005ರಲ್ಲಿ ಸರಕಾರ ‘ಕೂಲ್ ಬಿಜ್’ ಎಂಬ ಆಂದೋಲನ ಹೂಡಿ, ಕಚೇರಿಗಳ ತಂಪನ್ನು 28 ಡಿಗ್ರಿಗೆ ನಿಲ್ಲಿಸಿ, ಬೇಸಿಗೆಯಲ್ಲಿ ಕೋಟು-ಟೈ ಕಳಚಿಡಿರೆಂದು ನೌಕರರಿಗೆ ಹೇಳಿತು. ನಾವು ಮಾತ್ರ ಕೋಟು ತೊಟ್ಟು, ಅದನ್ನು ತಾಳಿಕೊಳ್ಳಲು ಹವಾನಿಯಂತ್ರಕದ ಗುಂಡಿ ಒತ್ತುತ್ತಿದ್ದೇವೆ! ಸಾಲದ್ದಕ್ಕೆ, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಸಿದ್ಧ ಉಡುಪಿನ ಮೇಲೆ ಶೇ. 18 ಜಿಎಸ್‌ಟಿ, ಅದರೊಳಗಿನದಕ್ಕೆ ಶೇ. 5.

‘ಹಾಗಾದರೆ ಖಾದಿ ತೊಡಿ ಎನ್ನುವಿರಾ ಮೇಷ್ಟ್ರೇ, ಅದೇನು ಅಗ್ಗವೇ?’ ಎಂದು ಕೇಳುವವರಿದ್ದೀರಿ. ಅಗ್ಗವಲ್ಲ, ಸುಕ್ಕಾಗುತ್ತದೆ, ಗಂಜಿ-ಇಸ್ತ್ರಿ ಬೇಡುತ್ತದೆ. ಐದರಲ್ಲಿ ಎರಡು ಅಂಗಿ ಖಾದಿಯದಿರಲಿ, ಉಳಿದವು ಗಿರಣಿಯ ಹತ್ತಿಯಾದರೂ ಅಡ್ಡಿಯಿಲ್ಲ. ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಖಾದಿ ಭಂಡಾರಗಳು ರಿಯಾಯಿತಿ ಕೊಡುತ್ತವೆ. 1975ರಲ್ಲಿ ಆರಂಭವಾದ ನಮ್ಮ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳೂ ಇವೆ. ಅದೇ ಕೈಮಗ್ಗದ ಬಟ್ಟೆಗೆ ದೊಡ್ಡ ಹೆಸರಿನ ಚೀಟಿ ಅಂಟಿಸಿ ನಾಲ್ಕು ಪಟ್ಟು ಬೆಲೆಗೆ ಮಾರುವ ಸೊಗಸುಗಾರರ ಅಂಗಡಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಅದೂ ಮಾಲ್‌ನ ಇನ್ನೊಂದು ಬಾಗಿಲು.

ನಿಮ್ಮಲ್ಲಿ ಹಲವರು ಈಗ ಕೆಲಸ ಕೊಡುವ ಕುರ್ಚಿಯಲ್ಲಿ ಕುಳಿತಿದ್ದೀರಿ. ಕೋಟು ಕಡ್ಡಾಯವೆಂಬ ನಿಯಮ ನಿಮ್ಮ ಕಚೇರಿಯಲ್ಲಿದ್ದರೆ, ಅದು ಯಾವ ಕೆಲಸಕ್ಕೆ ಒದಗುತ್ತಿದೆಯೆಂದು ದಯಮಾಡಿ ನನಗೆ ಬರೆದು ತಿಳಿಸಿ.