ಕೊಂಡವನಿಗೂ ದೋಷವುಂಟು

ಅಚೌರ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಎರಡನೆಯದು ತದಾಹೃತಾದಾನ, ಅಂದರೆ ಕಳ್ಳನು ತಂದುದನ್ನು ಕೊಳ್ಳುವುದು. ಕದ್ದವನು ತಾನಲ್ಲ, ಬೆಲೆ ಕೊಟ್ಟೇ ಕೊಂಡದ್ದು ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಕಾಂಗೋ ದೇಶದ ಉತ್ತರ ಕಿವು ಪ್ರಾಂತದ ರುಬಾಯಾದಲ್ಲಿ ಬಡವರು ಸಲಿಕೆ, ಹಾರೆಗಳಿಂದ ಗುಡ್ಡ ಅಗೆದು ಕೋಲ್ಟಾನ್ ಅದಿರು ತೆಗೆಯುತ್ತಾರೆ. ಅದರ ಟ್ಯಾಂಟಲಮ್ ಲೋಹ ಮೊಬೈಲಿನ ಕೆಪಾಸಿಟರುಗಳಿಗೆ ಬೇಕು. 2024ರ ಏಪ್ರಿಲ್ ಕೊನೆಯಲ್ಲಿ ಎಂ23 ಬಂಡುಕೋರರು ಆ ಊರನ್ನು ವಶಪಡಿಸಿಕೊಂಡರು. ಅದಿರಿನ ಸುಂಕದಿಂದ ಅವರಿಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಸಲ್ಲುತ್ತಿದೆಯೆಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದರು. ಕದ್ದು ಗಡಿ ದಾಟಿಸಿ ರುವಾಂಡಾದ ಅದಿರಿನೊಡನೆ ಬೆರೆಸಿದ ಮೇಲೆ ಗುರುತು ಹಿಡಿಯುವವರಾರು? ಈ ಗಡಿದಾಟಿಗೂ ಅದೇ ಸೂತ್ರದಲ್ಲಿ ಹೆಸರಿದೆ: ವಿರುದ್ಧರಾಜ್ಯಾತಿಕ್ರಮ.

ಹಾಗೆಂದು ಎಲ್ಲರೂ ಕೊಳ್ಳುವುದನ್ನೇ ಬಿಟ್ಟರೆ ಮೊದಲು ಹಸಿಯುವವನು ಹಾರೆ ಹಿಡಿದವನು. ಅಮೆರಿಕದ 2010ರ ಕಾನೂನಿಗೆ ಅಂಜಿ ಖರೀದಿದಾರರು ಹಿಂಜರಿದಾಗ ಆದದ್ದು ಇದೇ.

ನೀರನ್ನು ಸೋಸಿ ಕುಡಿಯುವ ಶ್ರಾವಕನ ಮನೆಗೆ ಫೋನು ಮಾತ್ರ ಸೋಸದೆಯೇ ಬರುತ್ತಿದೆ. ಕೆಡದ ಹಳೆಯದನ್ನು ಇನ್ನೆರಡು ವರ್ಷ ಬಳಸುವುದು ಪರಿಗ್ರಹಪರಿಮಾಣಕ್ಕೆ ಸಲ್ಲುತ್ತದೆ. ಹೊಸದನ್ನು ಕೊಳ್ಳಲೇಬೇಕಾದಾಗ ಅದಿರಿನ ಮೂಲವನ್ನು ಕೇಳಬೇಕು; ಅಂಗಡಿಯವನಿಗೆ ತಿಳಿಯದಿದ್ದರೆ ತಯಾರಿಸಿದ ಕಂಪನಿಗೇ ಬರೆದು ಕೇಳಬೇಕು.