ಹಳೆಯ ಮನೆ ಕೊಳ್ಳುವವರಿಗೇಕೆ ಈ ದಂಡ?

ಮೈಸೂರಿನ ಅಗ್ರಹಾರದಲ್ಲೋ ಕೃಷ್ಣರಾಜ ಮೊಹಲ್ಲಾದಲ್ಲೋ ಹೆಂಚಿನ ಪುಟ್ಟ ಮನೆಯೊಂದು ಮಾರಾಟಕ್ಕೆ ಬಂದರೆ ದಲ್ಲಾಳಿ ಮೊದಲು ಹೇಳುವುದು ಸೈಟಿನ ಅಳತೆ. ‘ಮನೆ ಲೆಕ್ಕಕ್ಕೆ ಹಿಡೀಬೇಡಿ, ಕೆಡವಿ ಕಟ್ಕೊಳ್ಳಿ’ ಎಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ. ತೇಗದ ತೊಲೆ, ಕೆಂಪು ಗಾರೆಯ ನೆಲ, ಬೀದಿಗೆ ತೆರೆದ ಜಗುಲಿ ಯಾವುದಕ್ಕೂ ಬೆಲೆಯಿಲ್ಲ. ಆದರೆ ದಲ್ಲಾಳಿಯನ್ನು ದೂರಿ ಪ್ರಯೋಜನವಿಲ್ಲ. ಮುದ್ರಾಂಕ ಶುಲ್ಕ, ಬ್ಯಾಂಕ್ ಸಾಲ, ಆದಾಯ ತೆರಿಗೆ ಮೂರೂ ಅದೇ ಮಾತನ್ನು ಹೇಳುತ್ತಿವೆ. ಇರುವ ಮನೆಯನ್ನು ಕೊಂಡು, ರಿಪೇರಿ ಮಾಡಿಸಿ, ಅದರಲ್ಲೇ ಬಾಳಲು ಹೊರಟ ಕುಟುಂಬಕ್ಕೆ ನಮ್ಮ ನಿಯಮಗಳು ದಂಡ ಹಾಕುತ್ತಿವೆ.

ಮುದ್ರಾಂಕ ಶುಲ್ಕವನ್ನೇ ನೋಡಿ. 2020ರಿಂದೀಚೆಗೆ ರಾಜ್ಯ ಸರ್ಕಾರ ಕಡಿಮೆ ಬೆಲೆಯ ಮನೆಗಳಿಗೆ ರಿಯಾಯಿತಿ ಕೊಟ್ಟಿತು. 20 ಲಕ್ಷದವರೆಗೆ ಶೇ 2, ಅಲ್ಲಿಂದ 45 ಲಕ್ಷದವರೆಗೆ ಶೇ 3. ಆದರೆ ಇದು ಮೊದಲ ಬಾರಿ ನೋಂದಣಿಯಾಗುವ ಫ್ಲ್ಯಾಟುಗಳಿಗೆ ಮಾತ್ರ. ಅದೇ 40 ಲಕ್ಷಕ್ಕೆ ಹಳೆಯ ಮನೆ ಕೊಂಡವರು ಪೂರ್ತಿ ಶೇ 5 ಕಟ್ಟಬೇಕು. ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ವ್ಯತ್ಯಾಸ 89,600 ರೂಪಾಯಿ. ಹೆಂಚು ತೆಗೆಸಿ, ರೀಪು ಬದಲಿಸಿ, ಹೊಸ ವೈರಿಂಗ್ ಹಾಕಿಸುವ ಕೆಲಸಕ್ಕೆ ದೊಡ್ಡ ಆಸರೆಯಾಗುತ್ತಿದ್ದ ಹಣ ಅದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿದೆ. ನಗರದಲ್ಲಿ ಒಟ್ಟು ಹೊರೆ ಶೇ 7.6.

ಈ ಹಣವನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷಕ್ಕೂ ಮೀರಿದ ಸಾಲ ಮನೆಯ ಮೌಲ್ಯದ ಶೇ 80ನ್ನು ದಾಟುವಂತಿಲ್ಲ. ಅಂದರೆ 40 ಲಕ್ಷದ ಮನೆಗೆ ಕೈಯಿಂದ 8 ಲಕ್ಷ, ನೋಂದಣಿಗೆ ಇನ್ನೂ 3 ಲಕ್ಷ. ಉಳಿದ ಸಾಲವೂ ಬ್ಯಾಂಕಿನ ಎಂಜಿನಿಯರ್ ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯುಸ್ಸು ಎಂದು ಬರೆಯುವುದರ ಮೇಲೆ ನಿಂತಿದೆ. ಮಣ್ಣಿನ ಗೋಡೆ, ಸುಣ್ಣದ ಗಾರೆ ಕಂಡರೆ ಸಾಲದ ಅವಧಿಯೂ ಮೊತ್ತವೂ ಕುಗ್ಗುತ್ತವೆ.

ಆದಾಯ ತೆರಿಗೆಯಲ್ಲಿ ತಾರತಮ್ಯ ಇನ್ನೂ ನಿಚ್ಚಳ. ಹಳೆಯ ತೆರಿಗೆ ಪದ್ಧತಿಯಲ್ಲಿ, ವಾಸದ ಮನೆ ಕೊಳ್ಳಲು ಅಥವಾ ಕಟ್ಟಲು ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಉಂಟು. ರಿಪೇರಿಗೆ ಮಾಡಿದ ಸಾಲದ ಬಡ್ಡಿಗೆ ಸಿಗುವುದು 30 ಸಾವಿರ ಮಾತ್ರ. ಕಟ್ಟುವವರ ಮಿತಿಯನ್ನು 2014ರಲ್ಲಿ ಒಂದೂವರೆ ಲಕ್ಷದಿಂದ 2 ಲಕ್ಷಕ್ಕೆ ಏರಿಸಿದಾಗಲೂ ರಿಪೇರಿಯವರದು ಇದ್ದಲ್ಲೇ ಉಳಿಯಿತು. ಹೀಗಿರುವಾಗ ಕೆಡವುವುದೇ ಜಾಣತನ ಎಂದು ಜನ ನಂಬಿದರೆ ತಪ್ಪು ಯಾರದು?

ಕೆಡವಿದರೆ ಏನಾಗುತ್ತದೆ ಎಂಬುದಕ್ಕೆ ಬೀದಿಗಳೇ ಸಾಕ್ಷಿ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಕೆಳಗೆ ಅಂಗಡಿಯ ರೋಲಿಂಗ್ ಶಟರ್, ಮೇಲೆ ಮೂರಂತಸ್ತು. ಜಗುಲಿಯಲ್ಲಿ ಕೂತು ಬೀದಿಯ ಮೇಲೆ ಕಣ್ಣಿಡುವ ಹಿರಿಯರು ಅಲ್ಲಿಲ್ಲ. ದೇವರಾಜ ಮಾರುಕಟ್ಟೆಗೆ ನಡೆದು ಹೋಗಿ ಸೊಪ್ಪು, ಹೂವು ತರುವ ಮನೆಗಳು ಸುತ್ತಲೂ ಇರುವುದರಿಂದಲೇ ಈ ಬೀದಿಗಳಿಗೆ ಕಳೆ. ವಾಸದವರು ಖಾಲಿಯಾದರೆ ಗಿಜಿಗುಡುವ ಬೀದಿ ಬರೀ ಪೇಟೆಯಾಗುತ್ತದೆ. ಗದ್ದಲ, ಪಾರ್ಕಿಂಗ್ ಜಗಳ, ದಸರಾ ದಿನಗಳ ಜನಸಂದಣಿ ಈಗಲೂ ಇವೆ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮೀರಬಾರದೆಂಬ ನಿಯಮವನ್ನು ಒತ್ತಾಯಿಸಿ ಕೇಳುವವರು ಅಲ್ಲೇ ಮಲಗುವವರು ಮಾತ್ರ.

ಕೊಳ್ಳುವವರೂ ಕಣ್ಣು ಮುಚ್ಚಿ ಧುಮುಕಬಾರದು. ಗೋಡೆಯ ಬಿರುಕಿಗಿಂತ ಪತ್ರದ ಬಿರುಕು ಅಪಾಯಕಾರಿ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ನೋಂದಣಿಯಾಗದ ಬಾಯಿಮಾತಿನ ಪಾಲು ಇಂಥ ಮನೆಗಳಲ್ಲಿ ಮಾಮೂಲು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ಆಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿತು. ಹಾಗಾಗಿ ವಂಶವೃಕ್ಷದಲ್ಲಿರುವ ಪ್ರತಿ ಅಕ್ಕತಂಗಿಯೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಅಣ್ಣತಮ್ಮಂದಿರು ‘ಅವರದೇನೂ ತಕರಾರಿಲ್ಲ’ ಎಂದರೆ ಸಾಲದು. ಅದು ಅಕ್ಕತಂಗಿಯರ ಹಕ್ಕು, ಒಪ್ಪಿಗೆ ಅವರಿಂದಲೇ ಬರಬೇಕು.

ಇನ್ನು ಗೋಡೆ. ಸುಣ್ಣದ ಗಾರೆ ಉಸಿರಾಡುವ ವಸ್ತು. ನೆಲದಿಂದ ಏರಿದ ತೇವ ಅದರ ಮೂಲಕ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಗೋಡೆ ಉಪ್ಪುಗಟ್ಟಿ ಉದುರುತ್ತದೆ. ‘ಹಳೇ ಮನೆ, ಕುಸೀತಿದೆ’ ಎನ್ನುವ ಎಷ್ಟೋ ಕಡೆ ಕಾರಣ ಮನೆಯ ವಯಸ್ಸಲ್ಲ, ಈಚಿನ ತಪ್ಪು ರಿಪೇರಿ. ಮುಂಗಡ ಕೊಡುವ ಮುನ್ನ ಮಳೆಗಾಲದಲ್ಲೊಮ್ಮೆ ಮನೆ ನೋಡಿ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಕರೆದೊಯ್ಯಿರಿ.

ಸರ್ಕಾರ ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಫ್ಲ್ಯಾಟಿಗೆ ಕೊಟ್ಟ ರಿಯಾಯಿತಿಯನ್ನು, ಮೊದಲ ಮನೆ ಕೊಳ್ಳುವವರು ಅದೇ ಮಿತಿಯೊಳಗಿನ ಹಳೆಯ ಮನೆ ಕೊಂಡಾಗಲೂ ಕೊಡಲಿ. ಹತ್ತು ವರ್ಷ ಕೆಡವಬಾರದೆಂಬ ಷರತ್ತು ಬೇಕಾದರೆ ಇರಲಿ. ಕೇಂದ್ರವು 30 ಸಾವಿರದ ಮಿತಿಯನ್ನು ತೆಗೆದು ರಿಪೇರಿ ಸಾಲವನ್ನು ಕಟ್ಟುವ ಸಾಲಕ್ಕೆ ಸಮನಾಗಿ ಕಾಣಲಿ. ಬೊಕ್ಕಸಕ್ಕೆ ಆಗುವ ನಷ್ಟ ಅಲ್ಪ. ಮುಂದಿನ ಬಜೆಟ್‌ನಲ್ಲೇ ಇದನ್ನು ಸೇರಿಸಬಹುದು.